ಹೊಲದ ಹೊರೆ ಎಳೆಯುವ ದೊಡ್ಡ ಲಾರಿಗೆ ಮ್ಯಾನುವಲ್ ಗೇರ್‌ಬಾಕ್ಸ್ ಆರಿಸುವುದು ಹೇಗೆ?

ಗೇರ್‌ಬಾಕ್ಸ್ ಮಾತು ಬಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ಎಷ್ಟು ಗೇರು?" ಹದಿನೆಂಟು ಅಂದರೆ ಕಣ್ಣು ಅರಳುತ್ತದೆ, ಆರು ಅಂದರೆ ಮುಖ ಸಣ್ಣಗಾಗುತ್ತದೆ. ಆದರೆ ಹೊಲದ ಕೆಲಸಕ್ಕೆ ಈ ಎಣಿಕೆಯಿಂದ ತಿಳಿಯುವುದು ಬಹಳ ಕಡಿಮೆ. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಮೊದಲ ಗೇರಿನಲ್ಲಿ ಎಕ್ಸಲರೇಟರ್ ಬಿಟ್ಟರೆ ಲಾರಿ ಎಷ್ಟು ನಿಧಾನವಾಗಿ ತೆವಳುತ್ತದೆ? ಪೂರ್ತಿ ಹೊರೆ ಹೊತ್ತು ಮಣ್ಣಿನ ಏರಿನಲ್ಲಿ ನಿಂತರೆ, ಕ್ಲಚ್ ಸುಡದೆ ಮತ್ತೆ ಹೊರಡುತ್ತದಾ?

ಇವೆರಡಕ್ಕೂ ಉತ್ತರವನ್ನು ಕಾಗದದ ಮೇಲೆಯೇ ಕಂಡುಕೊಳ್ಳಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದಿಟ್ಟುಕೊಳ್ಳಿ.

1. ಕೆಲಸವನ್ನು ಬರೆದಿಡಿ

ಒಂದು ಹಾಳೆ ತಗೊಂಡು ಇಷ್ಟನ್ನು ಬರೆಯಿರಿ. ಲಾರಿ, ಟ್ರೇಲರ್, ಹೊರೆ ಎಲ್ಲ ಸೇರಿ ಒಟ್ಟು ತೂಕ ಎಷ್ಟು? ಹೊರೆ ಹೊತ್ತು ನಿಲ್ಲಬೇಕಾಗಿ ಬರುವ ಅತಿ ಕೆಟ್ಟ ಜಾಗ ಯಾವುದು? ಕಟಾವು ಯಂತ್ರದ ಪಕ್ಕದಲ್ಲೇ ಓಡಿಸಿಕೊಂಡು ತುಂಬಿಸಬೇಕಾ? ಹೊಲ ಬಿಟ್ಟ ಮೇಲೆ ರಸ್ತೆಯಲ್ಲಿ ಎಷ್ಟು ದೂರ, ಎಷ್ಟು ವೇಗ? ಸ್ಟೇರಿಂಗ್ ಹಿಡಿಯುವವರು ಯಾರು, ಒಬ್ಬರೇನಾ, ಸುಗ್ಗಿಯಲ್ಲಿ ಸಿಕ್ಕಿದವರೆಲ್ಲರೂನಾ?

ಕೊನೆಯ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆರನೇ ಹಂತದಲ್ಲಿ ಅದೇ ನಿರ್ಧಾರ ಮಾಡುತ್ತದೆ, ಆಗ ನೋಡೋಣ.

ಸರಾಸರಿ ದಿನ ನೋಡಿ ಗೇರ್‌ಬಾಕ್ಸ್ ಆರಿಸಬೇಡಿ. ವರ್ಷದಲ್ಲಿ ಹತ್ತು ದಿನ ಬರುವ ಕೆಟ್ಟ ದಿನವನ್ನು ನೋಡಿ. ಕ್ಲಚ್ ಸುಡುವುದು ಆವತ್ತೇ.

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ. ಒಟ್ಟು ತೂಕ 36 ಟನ್. ಹಿಂದಿನ ಎರಡು ಚಾಲಕ ಆಕ್ಸಲ್‌ಗಳ (ಇಂಜಿನ್ನಿನ ಶಕ್ತಿ ತಲುಪುವ ಆಕ್ಸಲ್‌ಗಳು) ಮೇಲೆ 17 ಟನ್. ಇಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 1900 ನ್ಯೂಟನ್ ಮೀಟರ್, 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) 1000. ಆಕ್ಸಲ್ ಅನುಪಾತ 3.9, ಅಂದರೆ ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್ 3.9 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರಿನ ತ್ರಿಜ್ಯ ಅರ್ಧ ಮೀಟರ್, ಅಂದರೆ ಚಕ್ರ ಒಂದು ಸುತ್ತು ಸುತ್ತಿದರೆ ಲಾರಿ 3.14 ಮೀಟರ್ ಸಾಗುತ್ತದೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ದಾರಿ ಮಾತ್ರ ಇದೇ.

2. ಪೆಟ್ಟಿಗೆ ಎಷ್ಟು ಟಾರ್ಕ್ ತಡೆಯುತ್ತದೆ?

ಪ್ರತಿ ಗೇರ್‌ಬಾಕ್ಸ್‌ಗೂ ಒಳಬರುವ ಟಾರ್ಕ್‌ನ ಮಿತಿ ಇದೆ. ಇಂಜಿನ್ನಿನ ಗರಿಷ್ಠ ಟಾರ್ಕ್ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲಿ ಅಶ್ವಶಕ್ತಿ ನೋಡಿ ಪ್ರಯೋಜನವಿಲ್ಲ. ಹಲ್ಲು ಮುರಿಯುವುದು ಟಾರ್ಕ್.

ಹಲವು ತಯಾರಕರು ಈ ಮಿತಿಯನ್ನು ಮಾಡೆಲ್ ಸಂಖ್ಯೆಯಲ್ಲೇ ಹೇಳಿರುತ್ತಾರೆ. ಈಟನ್ ಫುಲ್ಲರ್‌ನ ಆರ್‌ಟಿಎಲ್‌ಒ-16918ಬಿ ತಗೊಳ್ಳಿ. ಮೊದಲ ಎರಡು ಅಂಕಿ 16. ಅದನ್ನು ನೂರರಿಂದ ಗುಣಿಸಿ 50 ಸೇರಿಸಿದರೆ 1650 ಪೌಂಡ್-ಅಡಿ, ಅಂದರೆ ಸುಮಾರು 2240 ನ್ಯೂಟನ್ ಮೀಟರ್. ನಡುವಿನ 9 ವಿನ್ಯಾಸದ ಪೀಳಿಗೆ. ಕೊನೆಯ 18 ಮುಂದಿನ ಗೇರ್‌ಗಳ ಸಂಖ್ಯೆ. ಅಕ್ಷರಗಳಲ್ಲಿರುವ "ಒ" ಅಂದರೆ ಓವರ್‌ಡ್ರೈವ್ (ಹೊರಗಿನ ಶಾಫ್ಟ್ ಇಂಜಿನ್ನಿಗಿಂತ ವೇಗವಾಗಿ ತಿರುಗುವ ಗೇರ್) ಇದೆ ಅಂತ. ಹಳೆಯ ಪೆಟ್ಟಿಗೆ ನೋಡಲು ಹೋದಾಗ ಮಾರುವವರ ಮಾತಿಗಿಂತ ಈ ತಗಡಿನ ಪಟ್ಟಿಯನ್ನು ನಂಬಿ.

ನಮ್ಮ 1900ರ ಇಂಜಿನ್ನಿಗೆ 14ರಿಂದ ಶುರುವಾಗುವ ಪೆಟ್ಟಿಗೆ, ಅಂದರೆ 1450 ಪೌಂಡ್-ಅಡಿ ಅಥವಾ ಸುಮಾರು 1965 ನ್ಯೂಟನ್ ಮೀಟರ್, ಲೆಕ್ಕದಲ್ಲಿ ಸಾಲುತ್ತದೆ. ಡಾಂಬರು ರಸ್ತೆಯಲ್ಲೇ ಓಡುವ ಲಾರಿಯಾದರೆ ನಾನೂ ಒಪ್ಪುತ್ತಿದ್ದೆ. ಹೊಲದಲ್ಲಿ ಚಕ್ರ ಜಾರಿ ತಟ್ಟನೆ ಹಿಡಿತ ಸಿಕ್ಕಾಗ ಬೀಳುವ ಏಟು ಇಂಜಿನ್ನಿನ ಟಾರ್ಕ್‌ಗಿಂತ ಜಾಸ್ತಿ. ಹಾಗಾಗಿ ಒಂದು ಹಂತ ಮೇಲಿನದನ್ನೇ ತಗೊಳ್ಳಿ.

3. ನಿಂತಲ್ಲಿಂದ ಹೊರಡುವ ಲೆಕ್ಕ

ಇದೇ ಮುಖ್ಯ ಹಂತ. ಇಲ್ಲಿ ಸ್ವಲ್ಪ ನಿಧಾನಿಸಿ.

ಕ್ಲಚ್ ಹಿಡಿಯುವಾಗ ಇಂಜಿನ್ ಕೊಡುವ ಟಾರ್ಕನ್ನು ಮೊದಲ ಗೇರಿನ ಅನುಪಾತದಿಂದ (ಹೊರಗಿನ ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತು ಅನ್ನುವ ಸಂಖ್ಯೆ) ಗುಣಿಸಿ. ಅದನ್ನು ಆಕ್ಸಲ್ ಅನುಪಾತದಿಂದ ಗುಣಿಸಿ. ದಾರಿಯಲ್ಲಿ ಘರ್ಷಣೆಗೆ ಹೋಗುವ ಪಾಲಿಗಾಗಿ 0.85ರಿಂದ ಗುಣಿಸಿ. ಟೈರಿನ ತ್ರಿಜ್ಯದಿಂದ ಭಾಗಿಸಿ. ಬಂದದ್ದು ಚಕ್ರ ನೆಲವನ್ನು ತಳ್ಳುವ ಬಲ. ಅದನ್ನು ಲಾರಿಯ ಒಟ್ಟು ತೂಕದ ಬಲದಿಂದ, ಅಂದರೆ ಕಿಲೋ ತೂಕವನ್ನು 9.81ರಿಂದ ಗುಣಿಸಿ ಬಂದದ್ದರಿಂದ, ಭಾಗಿಸಿ. ನೂರರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ.

ಇಲ್ಲಿ ಹಾಕಬೇಕಾದದ್ದು 800 ಆರ್‌ಪಿಎಂನ ಟಾರ್ಕ್. ಜಾಹೀರಾತಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿರುವ ಗರಿಷ್ಠ ಟಾರ್ಕ್ ಹಾಕಿದರೆ ಲೆಕ್ಕ ಸುಳ್ಳಾಗುತ್ತದೆ. ಕ್ಲಚ್ ಬಿಡುವ ಹೊತ್ತಿಗೆ ಅಷ್ಟು ಟಾರ್ಕ್ ಇನ್ನೂ ಹುಟ್ಟಿರುವುದಿಲ್ಲ.

ನಮ್ಮ ಉದಾಹರಣೆಗೆ ಮೂರು ಪೆಟ್ಟಿಗೆ ಹಾಕಿ ನೋಡೋಣ. ಮೊದಲ ಗೇರ್ 7.0 ಇರುವ ಸಾಧಾರಣ ಆರು ಗೇರಿನದ್ದಕ್ಕೆ ಶೇ. 13 ಬರುತ್ತದೆ. ಮೊದಲ ಗೇರ್ 12.29 ಇರುವ 13 ಗೇರಿನದ್ದಕ್ಕೆ ಶೇ. 23. ಅದೇ ಮನೆತನದ, 14.40ರಿಂದ ಶುರುವಾಗುವ 18 ಗೇರಿನದ್ದಕ್ಕೆ ಶೇ. 27.

ಈಗ ನೆಲ ಎಷ್ಟು ಕೇಳುತ್ತದೆ ನೋಡಿ. ಗಟ್ಟಿ ಡಾಂಬರಿನಲ್ಲಿ ಉರುಳುವ ತಡೆ ತೂಕದ ಶೇ. 1ರ ಆಸುಪಾಸು. ಜಲ್ಲಿ ದಾರಿಯಲ್ಲಿ 2. ಉತ್ತ ಮೆತ್ತನೆ ಮಣ್ಣಿನಲ್ಲಿ 10ಕ್ಕೆ ಏರುತ್ತದೆ. ಟೈರು ಹೂಳುವಂಥ ಕೆಸರಾದರೆ 15, 20 ಕೂಡ ಆಗಬಹುದು. ಇದಕ್ಕೆ ಏರಿನ ಶೇಕಡಾವಾರು ಕೂಡಿಸಿ. ಹೊಲದಿಂದ ರಸ್ತೆಗೆ ಹತ್ತುವ ಶೇ. 8ರ ಏರು, ಮೆತ್ತನೆ ಮಣ್ಣು, ಎರಡೂ ಸೇರಿದರೆ 18 ಬೇಕು. ಆರು ಗೇರಿನ ಪೆಟ್ಟಿಗೆ ಇಲ್ಲೇ ಬಿದ್ದುಹೋಯಿತು. ಲಾರಿ ಹೊರಡುವುದೇ ಇಲ್ಲ ಅಂತಲ್ಲ. ಡ್ರೈವರ್ ಇಂಜಿನ್ ಏರಿಸಿ, ಹಾಫ್ ಕ್ಲಚ್‌ನಲ್ಲಿ ಹಿಡಿದು, ಹೇಗೋ ಹೊರಡಿಸುತ್ತಾನೆ. ಸುಟ್ಟ ವಾಸನೆ ಬರುವುದು ಆಗಲೇ.

ಪೂರ್ತಿ ರಸ್ತೆ ಕೆಲಸಕ್ಕೆ ಶೇ. 15 ಸಿಕ್ಕರೆ ನೆಮ್ಮದಿ. ಹೊಲಕ್ಕೆ ಇಳಿಯುವ ಲಾರಿಗೆ 20ಕ್ಕಿಂತ ಕಡಿಮೆ ಇರುವುದನ್ನು ನಾನು ಪಟ್ಟಿಯಿಂದಲೇ ತೆಗೆದುಹಾಕುತ್ತೇನೆ. 25 ದಾಟಿದರೆ ಒಳ್ಳೆಯದು.

ಹಾಗಾದರೆ ಇನ್ನೂ ಆಳದ ಗೇರ್, ಅಂದರೆ ಇನ್ನೂ ದೊಡ್ಡ ಅನುಪಾತ, ಇದ್ದರೆ ಇನ್ನೂ ಒಳ್ಳೆಯದಲ್ವಾ? ಎಳೆತದ ಮಟ್ಟಿಗೆ ಅಲ್ಲ. ಚಾಲಕ ಆಕ್ಸಲ್ ಮೇಲಿರುವುದು 36ರಲ್ಲಿ 17 ಟನ್ ಮಾತ್ರ. ಸಡಿಲ ಮಣ್ಣಿನಲ್ಲಿ ಹಿಡಿತದ ಗುಣಾಂಕ 0.4 ಅಂದುಕೊಂಡರೆ, ಚಕ್ರ ಜಾರದೆ ಕೊಡಬಲ್ಲ ಬಲ ಒಟ್ಟು ತೂಕದ ಶೇ. 19 ಅಷ್ಟೇ. ಅದರಾಚೆ ನೀವು ಎಷ್ಟೇ ಆಳದ ಗೇರ್ ಹಾಕಿ, ಚಕ್ರ ಸುಮ್ನೆ ತಿರುಗುತ್ತದೆ, ಗುಂಡಿ ತೋಡುತ್ತದೆ. ಅಲ್ಲಿಂದ ಮುಂದಿನ ಮಾತು ಡಿಫರೆನ್ಷಿಯಲ್ ಲಾಕ್ (ಎರಡೂ ಕಡೆಯ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಸಾಧನ), ಟೈರು, ಆಕ್ಸಲ್ ಮೇಲಿನ ತೂಕದ್ದು. ಆಳದ ಗೇರ್ ಬೇಕಾಗಿರುವುದು ಬೇರೆ ಕಾರಣಕ್ಕೆ: ಹಾಫ್ ಕ್ಲಚ್ ಇಲ್ಲದೆ ನಿಧಾನವಾಗಿ ಹೋಗುವುದಕ್ಕೆ.

4. ತೆವಳುವ ವೇಗ

ಕಟಾವು ಯಂತ್ರಗಳು ಬೆಳೆ ಕೊಯ್ಯುವಾಗ ಸಾಮಾನ್ಯವಾಗಿ ಗಂಟೆಗೆ 4ರಿಂದ 7 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಬೆಳೆ ದಟ್ಟವಾಗಿದ್ದರೆ, ಬಿದ್ದಿದ್ದರೆ, ಇನ್ನೂ ಕಡಿಮೆ. ಪಕ್ಕದಲ್ಲಿ ಸಾಗುವ ಲಾರಿ ಅದಕ್ಕಿಂತ ನಿಧಾನವಾಗಿ ಹೋಗಬಲ್ಲದಾಗಿರಬೇಕು. ಯಾಕೆಂದರೆ ಹೊಂದಿಸಿಕೊಳ್ಳಬೇಕಾದವನು ಲಾರಿ ಡ್ರೈವರ್, ಯಂತ್ರದವನಲ್ಲ.

ಲೆಕ್ಕ ಸುಲಭ. ಆರ್‌ಪಿಎಂ ಅನ್ನು ಗೇರ್ ಅನುಪಾತ ಮತ್ತು ಆಕ್ಸಲ್ ಅನುಪಾತದ ಗುಣಲಬ್ಧದಿಂದ ಭಾಗಿಸಿ, 3.14ರಿಂದ ಗುಣಿಸಿ. ನಿಮಿಷಕ್ಕೆ ಎಷ್ಟು ಮೀಟರ್ ಅಂತ ಬರುತ್ತದೆ. 0.06ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ.

650 ಆರ್‌ಪಿಎಂ ಐಡ್ಲಿಂಗ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಇರುವಾಗ) 7.0ರ ಗೇರ್ ಗಂಟೆಗೆ 4.5 ಕಿ.ಮೀ. ಹೋಗುತ್ತದೆ. ಯಂತ್ರ ನಿಧಾನಿಸಿದಾಗಲೆಲ್ಲ ಕ್ಲಚ್ ಒತ್ತಬೇಕು. ದಿನಕ್ಕೆ ಎಷ್ಟು ಸಲ ಅಂತ ಯೋಚಿಸಿ. 12.29 ಇದ್ದರೆ 2.6 ಕಿ.ಮೀ., 14.40 ಇದ್ದರೆ 2.2. ಇಲ್ಲಿ ಕಾಲು ಕ್ಲಚ್‌ನಿಂದ ದೂರ ಇರುತ್ತದೆ, ಎಕ್ಸಲರೇಟರ್‌ನಲ್ಲೇ ಆಟ ಮುಗಿಯುತ್ತದೆ.

ಗೊಬ್ಬರ ಎರಚುವ ಯಂತ್ರವನ್ನೋ ಟ್ಯಾಂಕರ್ ಪಂಪನ್ನೋ ಲಾರಿಯ ಪಿಟಿಒಗೆ (ಬೇರೆ ಯಂತ್ರ ನಡೆಸಲು ಇಂಜಿನ್ನಿನ ಶಕ್ತಿ ಹೊರಗೆ ಕೊಡುವ ಸಾಧನ) ಹಾಕುವವರು ಇನ್ನೊಂದು ಲೆಕ್ಕ ಮಾಡಬೇಕು. ಪಂಪಿಗೆ ಇಂಜಿನ್ 1200 ಆರ್‌ಪಿಎಂನಲ್ಲೇ ಇರಬೇಕು, ನೆಲದ ವೇಗ ಗಂಟೆಗೆ 4 ಕಿ.ಮೀ. ಮೀರಬಾರದು ಅಂದರೆ, ನಮ್ಮ ಲಾರಿಗೆ ಬೇಕಾದ ಗೇರ್ ಸುಮಾರು 14.5. ಅಂದರೆ 14.40 ಹೆಚ್ಚುಕಡಿಮೆ ಹೇಳಿ ಮಾಡಿಸಿದ ಹಾಗಿದೆ. 12.29 ಹಾಕಿದರೆ 4.7 ಕಿ.ಮೀ. ಆಗುತ್ತದೆ, ಗೊಬ್ಬರ ತೆಳುವಾಗಿ ಬೀಳುತ್ತದೆ. 13 ಮತ್ತು 18ರ ನಡುವೆ ತಲೆ ಕೆಡಿಸಿಕೊಂಡವರಿಗೆ ಇಂಥ ಒಂದು ಕೆಲಸವೇ ಉತ್ತರ ಕೊಟ್ಟುಬಿಡುತ್ತದೆ.

ರಿವರ್ಸ್ ಗೇರನ್ನೂ ಇದೇ ರೀತಿ ಲೆಕ್ಕ ಹಾಕಿ. ಟ್ರೇಲರ್ ಕಟ್ಟಿಕೊಂಡು ಗೋದಾಮಿನ ಬಾಗಿಲಿಗೆ ಹಿಂದೆ ಸರಿಯುವಾಗ ರಿವರ್ಸ್ ಮೊದಲ ಗೇರಿನಷ್ಟೇ ನಿಧಾನ ಇರಬೇಕು. ಜನ ಇದನ್ನು ಕೊಂಡ ಮೇಲೆ ನೋಡುತ್ತಾರೆ.

5. ಮೇಲಿನ ತುದಿ ಮತ್ತು ಮೆಟ್ಟಿಲುಗಳು

ಮೇಲಿನ ಗೇರಿಗೆ ಹೆಚ್ಚು ಮಾತು ಬೇಡ. ನಮ್ಮ ಲಾರಿ 0.73ರ ಓವರ್‌ಡ್ರೈವ್‌ನಲ್ಲಿ 1400 ಆರ್‌ಪಿಎಂಗೆ ಸುಮಾರು 93 ಕಿ.ಮೀ. ಹೋಗುತ್ತದೆ, 0.86ರಲ್ಲಿ 79, ನೇರ 1.00ರಲ್ಲಿ 68. ನಿಮ್ಮ ರಸ್ತೆಯಲ್ಲಿ ಹೊರೆ ಹೊತ್ತು 60 ದಾಟುವುದೇ ಇಲ್ಲ ಅನ್ನುವುದಾದರೆ ಓವರ್‌ಡ್ರೈವ್ ಗೇರ್ ಸುಮ್ನೆ ಕೂತಿರುತ್ತದೆ. ಆಗ ಮೇಲ್ತುದಿ 1.00 ಇರುವ ಪೆಟ್ಟಿಗೆ ನೋಡಿ. ಝಡ್‌ಎಫ್‌ನ 16 ಗೇರಿನ 16ಎಸ್ ಸಾಲಿನಲ್ಲಿ ಎರಡೂ ಬಗೆ ಇವೆ: ಓವರ್‌ಡ್ರೈವ್‌ನದ್ದು 13.80ರಿಂದ 0.84ರವರೆಗೆ, ನೇರದ್ದು 16.4ರ ಆಸುಪಾಸಿನಿಂದ 1.00ರವರೆಗೆ. ಆಕ್ಸಲ್ ಬದಲಾಯಿಸದೆ ಕೆಳಗಿನ ಎಳೆತ ಬೇಕಾದವರಿಗೆ ಎರಡನೆಯದು ಒಳ್ಳೆಯದು.

ನಡುವಿನ ಮೆಟ್ಟಿಲುಗಳೇ ಡ್ರೈವರ್‌ಗೆ ದಿನವೂ ಗೊತ್ತಾಗುವಂಥದ್ದು. ಈಟನ್‌ನ 10 ಗೇರಿನ ಪೆಟ್ಟಿಗೆಯಲ್ಲಿ ಒಂದು ಗೇರಿಗೂ ಮುಂದಿನದಕ್ಕೂ ಸುಮಾರು ಶೇ. 36 ಅಂತರ. 1700 ಆರ್‌ಪಿಎಂನಲ್ಲಿ ಗೇರ್ ಬದಲಿಸಿದರೆ ಇಂಜಿನ್ 1250ಕ್ಕೆ ಇಳಿಯುತ್ತದೆ. 18 ಗೇರಿನದ್ದರಲ್ಲಿ ಹೆಚ್ಚಿನ ಕಡೆ ಅಂತರ ಶೇ. 17ರ ಆಸುಪಾಸು, ಇಂಜಿನ್ 1450ರಲ್ಲೇ ನಿಲ್ಲುತ್ತದೆ. ಹೊಸ ಇಂಜಿನ್ನುಗಳು 1100ರಿಂದ 1500ರ ನಡುವೆ ಚೆನ್ನಾಗಿ ಎಳೆಯುತ್ತವೆ, ಅವಕ್ಕೆ ದೊಡ್ಡ ಮೆಟ್ಟಿಲು ತೊಂದರೆಯಲ್ಲ. ಎಳೆತದ ವ್ಯಾಪ್ತಿ ಚಿಕ್ಕದಾಗಿರುವ ಹಳೆಯ ಇಂಜಿನ್ನಿಗೆ ಸಣ್ಣ ಮೆಟ್ಟಿಲು ಬೇಕೇ ಬೇಕು.

13 ಮತ್ತು 18ರ ಗುಟ್ಟು ಇಷ್ಟು. ಎರಡರ ಗೇರ್ ಅನುಪಾತಗಳು ಒಂದೇ ಏಣಿಯವು. 13ರಲ್ಲಿ ಮೇಲಿನ ಶ್ರೇಣಿಯ ಗೇರ್‌ಗಳನ್ನು ಮಾತ್ರ ಸ್ಪ್ಲಿಟರ್ ಎರಡಾಗಿ ಒಡೆಯುತ್ತದೆ. 18ರಲ್ಲಿ ಕೆಳಗಿನವನ್ನೂ ಒಡೆಯುತ್ತದೆ. ಮೆತ್ತನೆ ಮಣ್ಣಿನಲ್ಲಿ ಗೇರ್ ಲಿವರ್ ಎಳೆದಾಡುವಷ್ಟರಲ್ಲಿ ಲಾರಿ ನಿಂತೇ ಹೋಗುತ್ತದೆ. ಸ್ಪ್ಲಿಟರ್ ಆದರೆ ಗುಂಡಿ ಸರಿಸಿ, ಎಕ್ಸಲರೇಟರ್ ಒಂದು ಕ್ಷಣ ಬಿಟ್ಟು ಕೊಟ್ಟರೆ ಸಾಕು. ಹೊಲದಲ್ಲಿ ಇದು ನಿಜವಾಗಿ ಬೇಕಾಗುತ್ತದೆ. ಹೊಲದ ಅಂಚಿನಲ್ಲೇ ನಿಂತು ತುಂಬಿಸಿಕೊಂಡು ಹೋಗುವ ಲಾರಿಗೆ ಮಾತ್ರ 13 ಧಾರಾಳ. ಖಾಲಿ ಲಾರಿಯಲ್ಲಿ ಅರ್ಧ ಗೇರ್‌ಗಳನ್ನು ಹಾರಿಸಿಕೊಂಡೇ ಹೋಗುತ್ತೀರಿ, 18 ಇದೆ ಅಂತ 18 ಸಲ ಬದಲಿಸಬೇಕು ಅಂತೇನಿಲ್ಲ.

6. ಸಿಂಕ್ರೊ ಬೇಕಾ, ಬೇಡವಾ?

ಸಿಂಕ್ರೊ ಇರುವ ಪೆಟ್ಟಿಗೆಯಲ್ಲಿ ಒಳಗಿನ ಉಂಗುರಗಳು ಗೇರ್‌ಗಳ ವೇಗ ಹೊಂದಿಸಿ ಸೇರಿಸುತ್ತವೆ. ಕಾರು ಓಡಿಸಿ ಗೊತ್ತಿರುವವರು ಒಂದೆರಡು ದಿನದಲ್ಲಿ ಕಲಿಯುತ್ತಾರೆ. ಮೇಲೆ ಹೇಳಿದ ಝಡ್‌ಎಫ್ 16ಎಸ್ ಈ ಜಾತಿ. ಈಟನ್ ಫುಲ್ಲರ್‌ನ ದೊಡ್ಡ ಪೆಟ್ಟಿಗೆಗಳ ಮುಖ್ಯ ಭಾಗದಲ್ಲಿ ಸಿಂಕ್ರೊ ಇಲ್ಲ. ಡ್ರೈವರೇ ಡಬಲ್ ಕ್ಲಚ್ ಹೊಡೆದು, ಅಂದರೆ ನಡುವೆ ನ್ಯೂಟ್ರಲ್‌ಗೆ ತಂದು ಎರಡು ಸಲ ಕ್ಲಚ್ ಒತ್ತಿ, ಇಂಜಿನ್ ವೇಗ ಹೊಂದಿಸಬೇಕು. ಕಿವಿ, ಕೈ, ಕಾಲು ಮೂರೂ ಪಳಗಬೇಕು.

ಪಳಗಿದವರ ಕೈಯಲ್ಲಿ ಸಿಂಕ್ರೊ ಇಲ್ಲದ್ದು ಬಹಳ ವರ್ಷ ಬಾಳುತ್ತದೆ. ಸವೆಯುವ ಉಂಗುರಗಳೇ ಇಲ್ಲವಲ್ಲ. ಪಳಗದವರ ಕೈಗೆ ಕೊಟ್ಟರೆ ಮೊದಲ ವಾರದಲ್ಲೇ ಗೇರಿನ ಹಲ್ಲುಗಳ ಮೂಲೆ ಉರುಟಾಗುತ್ತದೆ. ಏರಿನಲ್ಲಿ ಗೇರ್ ಸಿಗದೆ ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಉರುಳಿದರಂತೂ ಕೇಳಲೇಬೇಡಿ. ನಾನೊಮ್ಮೆ ಹೀಗೆ ಹೊರೆ ತುಂಬಿದ ಲಾರಿಯಲ್ಲಿ ಕೆಳಗಿನ ಗೇರ್ ಹುಡುಕುತ್ತಾ ಹಿಂದಕ್ಕೆ ಜಾರಿದ್ದೇನೆ. ಬ್ರೇಕ್ ಹಿಡಿಯಿತು, ಬಚಾವಾದೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ. ಒಬ್ಬರೇ ಓಡಿಸುವುದಾದರೆ ಮತ್ತು ಅವರಿಗೆ ಡಬಲ್ ಕ್ಲಚ್ ಬರುವುದಾದರೆ ಸಿಂಕ್ರೊ ಇಲ್ಲದ್ದನ್ನು ಧೈರ್ಯವಾಗಿ ತಗೊಳ್ಳಿ. ಸುಗ್ಗಿಯಲ್ಲಿ ಕೈ ಬದಲಾಗುತ್ತಿದ್ದರೆ ಸಿಂಕ್ರೊ ಇರುವುದೇ ಸರಿ.

ಸಿಂಕ್ರೊ ಇಲ್ಲದ ಪೆಟ್ಟಿಗೆಯ ಜೊತೆ ಕ್ಲಚ್ ಬ್ರೇಕ್ ಅನ್ನುವ ಬಿಲ್ಲೆಯೊಂದು ಬರುತ್ತದೆ. ಪೆಡಲನ್ನು ತಳದವರೆಗೆ ಒತ್ತಿದಾಗ ಅದು ಒಳಗಿನ ಗೇರ್‌ಗಳ ತಿರುಗಾಟ ನಿಲ್ಲಿಸುತ್ತದೆ. ಅದು ಲಾರಿ ನಿಂತಿದ್ದಾಗ ಮೊದಲ ಗೇರ್ ಅಥವಾ ರಿವರ್ಸ್ ಹಾಕಲು ಮಾತ್ರ. ಓಡುವಾಗ ತಳದವರೆಗೆ ಒತ್ತುವ ಅಭ್ಯಾಸ ಇರುವವರು ಅದನ್ನು ಬೇಗ ಮುರಿಯುತ್ತಾರೆ.

7. ಹಿಂದೆ ಮುಂದೆ ಏನಿದೆ ನೋಡಿ

ಪೆಟ್ಟಿಗೆ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮುಂದೆ ಇಂಜಿನ್ನಿನ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಕವಚ) ಅಳತೆ, ಇನ್‌ಪುಟ್ ಶಾಫ್ಟಿನ ದಪ್ಪ ಮತ್ತು ಅದರ ಗೀರುಗಳ ಸಂಖ್ಯೆ, ಕ್ಲಚ್ ಪ್ಲೇಟಿನ ವ್ಯಾಸ ಹೊಂದಬೇಕು. ಕ್ಲಚ್ ಎಳೆಯುವ ಬಗೆಯದ್ದೋ ತಳ್ಳುವ ಬಗೆಯದ್ದೋ ಅದೂ ಹೊಂದಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪೆಟ್ಟಿಗೆ ಅಂಗಳದಲ್ಲಿ ಕೂರುತ್ತದೆ.

ಹಿಂದಿನ ಅಪಾಯ ಇನ್ನೂ ದೊಡ್ಡದು, ಆದರೆ ಕಣ್ಣಿಗೆ ಕಾಣುವುದಿಲ್ಲ. 1900 ನ್ಯೂಟನ್ ಮೀಟರ್ ಇಂಜಿನ್ 7.0ರ ಗೇರಿನಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ 13,300 ಕಳಿಸುತ್ತದೆ. ಅದೇ ಇಂಜಿನ್ 14.40ರಲ್ಲಿ 27,360 ಕಳಿಸುತ್ತದೆ. ಎರಡರಷ್ಟಕ್ಕಿಂತ ಜಾಸ್ತಿ. ಹಳೆಯ ಲಾರಿಗೆ ಆಳದ ಗೇರಿನ ಪೆಟ್ಟಿಗೆ ಕೂರಿಸಿ, ಶಾಫ್ಟು ಮತ್ತು ಕ್ರೌನ್ (ಆಕ್ಸಲ್ ಒಳಗಿನ ಗೇರು) ಹಳೆಯದೇ ಬಿಟ್ಟರೆ ಮುಂದೆ ಮುರಿಯುವುದು ಯಾವುದು ಅಂತ ಗೊತ್ತಾಯಿತಲ್ಲ. ಶಾಫ್ಟು, ಯೂನಿವರ್ಸಲ್ ಜಾಯಿಂಟ್, ಆಕ್ಸಲ್ ಇವುಗಳ ಮಿತಿಯನ್ನೂ ಲೆಕ್ಕಕ್ಕೆ ತಗೊಳ್ಳಿ.

ಪಿಟಿಒ ಬಗ್ಗೆ ಒಂದು ಮಾತು. ಗೇರ್‌ಬಾಕ್ಸ್‌ನ ಪಕ್ಕಕ್ಕೆ ಕೂರುವ ಪಿಟಿಒ ಕ್ಲಚ್ ಒತ್ತಿದ ತಕ್ಷಣ ಶಕ್ತಿ ಕಳೆದುಕೊಳ್ಳುತ್ತದೆ. ನಿಂತು ಜಾಕಿ ಎತ್ತಿ ಸುರಿಯುವ ಟಿಪ್ಪರಿಗೆ ಇದರಿಂದ ತೊಂದರೆಯೇನಿಲ್ಲ. ಓಡುತ್ತಾ ಎರಚುವ ಕೆಲಸದಲ್ಲಿ, ಗೇರ್ ಬದಲಿಸಿದಾಗಲೆಲ್ಲ ಪಂಪ್ ನಿಲ್ಲಬಾರದು ಅಂದರೆ, ನೇರ ಇಂಜಿನ್ನಿನಿಂದ ತೆಗೆಯುವ ಪಿಟಿಒ ಬೇಕು. ಪಕ್ಕದ ಕಿಂಡಿ ಎಲ್ಲಿದೆ, ಅಲ್ಲಿ ಪಂಪು ಕೂರಲು ಚಾಸಿಯಲ್ಲಿ ಜಾಗ ಇದೆಯಾ ಅಂತ ಟೇಪು ಹಿಡಿದೇ ನೋಡಿ.

8. ಹಳೆಯ ಪೆಟ್ಟಿಗೆಯಾದರೆ

ಹೊಲದ ಲಾರಿಗೆ ಹೊಸದು ಕೊಳ್ಳುವವರು ಕಡಿಮೆ. ಹಾಗಾಗಿ ಪರೀಕ್ಷೆಯ ಕ್ರಮ ತಿಳಿದಿರಲಿ.

ಮೊದಲು ಆಯಿಲ್ ಬೋಲ್ಟ್ ಬಿಚ್ಚಿಸಿ. ಅದರ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಚೂರು ಸಿಕ್ಕರೆ, ಉಗುರಿಗೆ ತಾಗುವ ಲೋಹದ ಚಕ್ಕೆ ಸಿಕ್ಕರೆ, ಮಾತು ಅಲ್ಲಿಗೇ ನಿಲ್ಲಿಸಿ. ಆಯಿಲ್ ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ. ಬೋಲ್ಟ್ ಹೊಸದಾಗಿ ತೊಳೆದ ಹಾಗಿದ್ದು ಆಯಿಲ್ ಕೂಡ ಹೊಸದಾಗಿದ್ದರೆ, ಅದನ್ನೂ ಅನುಮಾನದಿಂದಲೇ ನೋಡಿ.

ಆಮೇಲೆ ಇಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ. ಕ್ಲಚ್ ಬಿಟ್ಟಾಗ ಬರುವ ಗುರ್ ಸದ್ದು ಪೆಡಲ್ ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟ್ ಅಥವಾ ಕೌಂಟರ್ ಶಾಫ್ಟಿನ ಬೇರಿಂಗ್ ನೋಡಬೇಕು. ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬೇರಿಂಗ್, ಅದು ಅಷ್ಟು ದೊಡ್ಡ ವಿಷಯವಲ್ಲ.

ಗಾಳಿಯಿಂದ ನಡೆಯುವ ರೇಂಜ್ (ಕೆಳಗಿನ ಮತ್ತು ಮೇಲಿನ ಶ್ರೇಣಿ ಬದಲಿಸುವ ಭಾಗ) ಮತ್ತು ಸ್ಪ್ಲಿಟರ್ ಇದ್ದರೆ, ಗಾಳಿ ಪೂರ್ತಿ ತುಂಬಿದ ಮೇಲೆ ಇಂಜಿನ್ ಆರಿಸಿ, ಗುಂಡಿಗಳನ್ನು ಮೇಲೆ ಕೆಳಗೆ ಮಾಡುತ್ತಾ ಕಿವಿಗೊಡಿ. ಬದಲಾಗುವಾಗ ಒಂದು ಸಲ ಪುಸ್ ಅಂದರೆ ಸರಿ. ಬಿಡದೆ ಸೋರುತ್ತಿದ್ದರೆ ಸೀಲು ಹೋಗಿದೆ. ಸೀಲಿನ ಕೆಲಸ ಚಿಕ್ಕದು. ಆದರೆ ಅದೇ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಓಡಿಸಿದ್ದರೆ ರೇಂಜಿನ ಸಿಂಕ್ರೊ ಕೂಡ ತಿಂದುಹೋಗಿರುತ್ತದೆ.

ಆಯಿಲ್ ಬದಲಿಸುವಾಗ ಪಟ್ಟಿಯ ಮೇಲೆ ಬರೆದದ್ದನ್ನೇ ಹಾಕಿ. ಕ್ರೌನಿಗೆ ಹಾಕುವ ಜಿಎಲ್-5 ಆಯಿಲ್ ಉಳಿದಿದೆ ಅಂತ ಸಿಂಕ್ರೊ ಪೆಟ್ಟಿಗೆಗೆ ಸುರಿಯಬೇಡಿ. ಅದರೊಳಗಿನ ರಾಸಾಯನಿಕಗಳು ಹಿತ್ತಾಳೆಯ ಉಂಗುರಗಳಿಗೆ ಹಾನಿ ಮಾಡಬಹುದು.

9. ಓಡಿಸಿ ನೋಡುವುದು

ಖಾಲಿ ಲಾರಿ ಓಡಿಸಿ ನೋಡಿ ಒಪ್ಪಬೇಡಿ. ಖಾಲಿಯಲ್ಲಿ ಎಲ್ಲ ಪೆಟ್ಟಿಗೆಯೂ ಚೆನ್ನಾಗಿಯೇ ಇರುತ್ತದೆ. ಕನಿಷ್ಠ ಅರ್ಧ ಹೊರೆಯಾದರೂ ಹಾಕಿಸಿ, ಮಣ್ಣಿನ ಏರಿಗೆ ಕರೆದುಕೊಂಡು ಹೋಗಿ. ಏರಿನ ನಡುವೆ ನಿಲ್ಲಿಸಿ, ಮೊದಲ ಗೇರಿನಲ್ಲಿ ಐಡ್ಲಿಂಗ್‌ನಲ್ಲೇ ಕ್ಲಚ್ ಬಿಡಿ. ಹೊರಟರೆ ಮೂರನೇ ಹಂತದ ಲೆಕ್ಕ ಸರಿಯಾಗಿದೆ ಅಂತ ಅರ್ಥ.

ಬರುವಾಗ ಇಳಿಜಾರಿನಲ್ಲಿ ಪ್ರತಿ ಗೇರಿನಲ್ಲೂ ಎಕ್ಸಲರೇಟರ್ ಪೂರ್ತಿ ಬಿಟ್ಟು, ಮತ್ತೆ ಒತ್ತಿ, ಮತ್ತೆ ಬಿಡಿ. ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಒಳಗೆ ಹಲ್ಲು ಸವೆದಿದೆ. ಈ ಪರೀಕ್ಷೆ ಮಾಡುವಾಗ ಕೈಯನ್ನು ಲಿವರ್ ಮೇಲೆ ಇಡಬೇಡಿ. ಮಾರುವವರು ಪಕ್ಕದಲ್ಲಿ ಕೂತಿದ್ದರೆ ಅವರ ಕೈಯೂ ಅಲ್ಲಿರದಂತೆ ನೋಡಿಕೊಳ್ಳಿ.